ಕಾರಿನ ಬ್ರೇಕೂ ನನ್ನ ಕಾಲ್ಗುಣವೂ

ಮನೆಯಲ್ಲಿ ಏನು ಕೆಟ್ಟರೂ ನಾನು ಮೊದಲು ನನ್ನ ಕೈಯನ್ನೇ ನೋಡಿಕೊಳ್ಳುತ್ತೇನೆ. ಮಿಕ್ಸಿ ನಿಂತರೆ, ಬೇಳೆ ಸರಿಯಾಗಿ ನೆನೆದಿರಲಿಲ್ಲವೇನೋ, ನಾನೇ ಆತುರಪಟ್ಟೆ ಅನ್ನಿಸುತ್ತದೆ. ಗೀಸರಿನಲ್ಲಿ ನೀರು ಕಾಯದಿದ್ದರೆ ಸ್ವಿಚ್ಚನ್ನು ಒರಟಾಗಿ ಒತ್ತಿದ್ದು ನಾನೇ ಇರಬೇಕು. ಒಮ್ಮೆ ಮೈಸೂರಿನ ನಮ್ಮ ಇಡೀ ಚಾಮರಾಜಪುರಂಗೆ ಕರೆಂಟು ಹೋದಾಗ, ಆಗಷ್ಟೇ ಇಸ್ತ್ರಿಪೆಟ್ಟಿಗೆ ಹಚ್ಚಿದ್ದ ನಾನು ಸರಕ್ಕನೆ ಪ್ಲಗ್ ಕಿತ್ತು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣು ಹಾಯಿಸಿದ್ದೆ. ಇದನ್ನು ವಿನಯವೆಂದುಕೊಂಡು ಬಹಳ ಕಾಲ ಒಳಗೊಳಗೇ ಹೆಮ್ಮೆಪಟ್ಟಿದ್ದೂ ಉಂಟು. ಈಗ ಅದು ಸೋಮಾರಿತನವೇ ಇರಬೇಕೆಂದು ಅನುಮಾನ. ತಪ್ಪು ನನ್ನದೇ ಎಂದು ಒಪ್ಪಿಕೊಂಡುಬಿಟ್ಟರೆ ಮುಂದೆ ಏನನ್ನೂ ಹುಡುಕಬೇಕಾಗಿಲ್ಲ ನೋಡಿ.

ಕೈಗುಣ ಎನ್ನುವುದು ನಮ್ಮಲ್ಲಿ ವೈದ್ಯರಿಗೂ ಅಡುಗೆಯವರಿಗೂ ಸಲ್ಲುವ ಹೊಗಳಿಕೆ. ಅದನ್ನು ದುಡಿದು ಸಂಪಾದಿಸಬೇಕು. ಕಾಲ್ಗುಣ ಹಾಗಲ್ಲ. ಅದು ಹೆಚ್ಚಾಗಿ ಸೊಸೆಯಂದಿರ ಪಾಲಿನದು, ಅದಕ್ಕಾಗಿ ಏನೂ ಮಾಡಬೇಕಾಗಿಲ್ಲ, ಹೊಸ್ತಿಲು ದಾಟಿದರೆ ಸಾಕು. ನಾನು ಮದುವೆಯಾಗಿ ಬಂದ ವಾರವೇ ಮಾವನವರ ಕೈಗಡಿಯಾರ ನಿಂತುಹೋಯಿತು. ಯಾರೂ ಏನೂ ಅನ್ನಲಿಲ್ಲ. ಅತ್ತೆಯವರು ಮಾತ್ರ ಗಡಿಯಾರವನ್ನೊಮ್ಮೆ, ನನ್ನ ಪಾದವನ್ನೊಮ್ಮೆ ನೋಡಿದರು. ಅಂದಿನಿಂದ ನನ್ನ ಪಾದದ ಮೇಲೆ ನನಗೂ ಒಂದು ಕಣ್ಣು.

ಅಂಥ ಪಾದವನ್ನು, ಮೇಷ್ಟರಗಿರಿಯಿಂದ ನಿವೃತ್ತಳಾದ ಮೇಲೆ, ಕಾರಿನ ಬ್ರೇಕಿನ ಮೇಲಿಟ್ಟೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು ನಾನು. ರಾಜರೆಲ್ಲ ಆನೆ ಕುದುರೆ ಏರಿದ್ದನ್ನು ವರ್ಣಿಸಿ ವರ್ಣಿಸಿ ಕೊನೆಗೆ ನನಗೂ ಏನಾದರೊಂದನ್ನು ಏರಬೇಕು ಅನ್ನಿಸಿರಬೇಕು. ಡ್ರೈವಿಂಗ್ ಕಲಿತೆ, ಒಂದು ಪುಟ್ಟ ಕಾರು ಕೊಂಡೆ. ನಮ್ಮ ಯಜಮಾನರಿಗೆ ಕಾರು ಓಡಿಸಲು ಬರುತ್ತಿತ್ತು, ಆದರೆ ಇಷ್ಟವಿರಲಿಲ್ಲ. ಪಕ್ಕದಲ್ಲಿ ಕೂತು ಓಡಿಸುವುದು ಅವರಿಗೆ ಹೆಚ್ಚು ಇಷ್ಟ.

ಆದರೆ ಗುರುವಾರ ಅವರು ಪಕ್ಕದಲ್ಲಿರುತ್ತಿರಲಿಲ್ಲ. ಗುರುವಾರ ಮಂಗಳೆಯದು. ಸರ್ವಮಂಗಳ ನನ್ನ ಕಾಲೇಜಿನ ಗೆಳತಿ, ಒಂಟಿಕೊಪ್ಪಲಿನಲ್ಲಿ ಮನೆ. ಇಲವಾಲದ ಹತ್ತಿರ ಅವಳಿಗೊಂದು ತುಂಡು ಜಾಗವಿತ್ತು. ದಿನಸಿ ವ್ಯಾಪಾರ ಮಾಡುತ್ತಿದ್ದ ಅವಳ ತಂದೆ ಮಗಳ ಹೆಸರಿನಲ್ಲಿ ಕೊಂಡಿಟ್ಟದ್ದು. ಕೆಲವು ಸಪೋಟ ಮರ, ಒಂದು ನೇರಳೆ, ಶೀಟು ಹೊದಿಸಿದ ಒಂದು ಕೋಣೆ, ಅದರ ಮುಂದೆ ಕಲ್ಲಿನ ಜಗಲಿ. ಬಸ್ಸಿಳಿದು ಒಳಗೆ ಬಹಳ ದೂರ ನಡೆಯಬೇಕು, ಮಂಗಳೆಗೆ ಮಂಡಿ ನೋವು. ಹಾಗಾಗಿ ನನ್ನ ಕಾರು ಬರುವವರೆಗೆ ಆ ಜಾಗ ಇದ್ದೂ ಇಲ್ಲದಂತಿತ್ತು. ಕಾರು ಬಂದ ಮೇಲೆ ಗುರುವಾರ ಬೆಳಿಗ್ಗೆ ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊರಟರೆ, ನಾವಿಬ್ಬರೂ ಆ ಜಗಲಿಯ ಮೇಲೆ ಕಾಲು ಚಾಚಿ ಕೂತು ಮಧ್ಯಾಹ್ನದವರೆಗೂ ಹರಟುತ್ತಿದ್ದೆವು. ಮಹತ್ವದ ಮಾತು ಒಂದನ್ನೂ ಆಡಿದ ನೆನಪಿಲ್ಲ. ಸಪೋಟ ಹಣ್ಣಾಗುವ ಮೊದಲೇ ಅಳಿಲು ಕಚ್ಚುತ್ತದೆ ಎಂಬುದೇ ನಮ್ಮ ದೊಡ್ಡ ಸಮಸ್ಯೆ.

ಒಂದು ಗುರುವಾರ, ಹುಣಸೂರು ರಸ್ತೆಯ ಒಂದು ಏರಿನಲ್ಲಿ ಸಾಲುಗಟ್ಟಿ ನಿಂತಿದ್ದಾಗ, ಕಾರಿನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದರೂ ನನ್ನ ಕಾರು ಒಂದು ಕ್ಷಣ ತಾನೇ ಹಿಡಿದುಕೊಂಡು ನಿಲ್ಲುತ್ತಿತ್ತು. ಅಂದು ಹಿಡಿಯಲಿಲ್ಲ. ಸರ್ರನೆ ಹಿಂದಕ್ಕೆ ಜಾರಿತು. ನಾನು ಗಾಬರಿಯಾಗಿ ಬ್ರೇಕನ್ನು ತುಳಿದಾಗ ಹಿಂದಿದ್ದ ಆಟೋಗೂ ನಮಗೂ ನಡುವೆ ಒಂದು ಗೇಣು ಉಳಿದಿತ್ತಂತೆ. ಆಟೋದವನು ತಲೆ ಹೊರಹಾಕಿ, "ಏನಮ್ಮಾ, ಗಾಡಿ ಓಡ್ಸಕ್ಕೆ ಬರಲ್ವಾ? ಇಂಗಾ ಬುಡೋದು ಇಂದಕ್ಕೆ?" ಎಂದು ಕೂಗಿದ. ಹೌದಪ್ಪ, ಬರಲ್ಲ, ಎಂದು ನನ್ನ ಮನಸ್ಸು ತಕ್ಷಣ ಒಪ್ಪಿಕೊಂಡುಬಿಟ್ಟಿತು.

"ಏನೂ ಆಗ್ಲಿಲ್ವಲ್ಲ ಬುಡು," ಎಂದಳು ಮಂಗಳೆ. ಅವಳ ಕೈ ಮಾತ್ರ ಬಾಗಿಲಿನ ಹಿಡಿಯನ್ನು ಬಿಟ್ಟಿರಲಿಲ್ಲ.

ಮನೆಗೆ ಬಂದು ಹೇಳಿದರೆ ಯಜಮಾನರು ಪೇಪರಿನಿಂದ ತಲೆಯೆತ್ತದೆ, "ನೀನು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ ಕಣೇ. ನಾನು ಎಷ್ಟು ಸಲ ಹೇಳಿದೀನಿ," ಎಂದರು. ಮರುದಿನ ಗ್ಯಾರೇಜಿಗೆ ಒಯ್ದೆ. ಆ ಹೊತ್ತಿಗೆ ದೀಪ ಆರಿಹೋಗಿತ್ತು. ಗ್ಯಾರೇಜಿನ ಮಾದೇಶ ಬಲು ಮಾತುಗಾರ, ತನಗೆ ಗೊತ್ತಿಲ್ಲದ ಕಾರು ಮೈಸೂರಿನಲ್ಲೇ ಇಲ್ಲ ಎಂದು ಬಂದವರಿಗೆಲ್ಲ ಹೇಳುವವನು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ, ಏನನ್ನೋ ಅಳಿಸಿ, "ಬ್ರೇಕ್‌ಗೆ ಸಂಬಂಧಪಟ್ಟದ್ದೊಂದು ಎರರ್ ಬಂದಿತ್ತು, ಕ್ಲಿಯರ್ ಮಾಡಿದೀನಿ. ಬ್ರೇಕ್ ಲೈಟಿನ ಸ್ವಿಚ್ ಹೊಸದು ಹಾಕ್ಬುಡ್ತೀನಿ," ಎಂದ. ಆಮೇಲೆ ದನಿ ತಗ್ಗಿಸಿ, "ಮೇಡಂ, ತಪ್ಪು ತಿಳ್ಕೋಬೇಡಿ. ಕೆಲವರಿಗೆ ಪೆಡಲ್ ಮೇಲೆ ಕಾಲಿಟ್ಟಿರೋ ಅಭ್ಯಾಸ ಇರ್ತದೆ. ಗಾಡಿಗೆ ಕನ್‌ಫ್ಯೂಸ್ ಆಗ್ತದೆ," ಎಂದ.

ಸ್ವಿಚ್ ಬದಲಾದ ಮೇಲೂ ದೀಪ ಮತ್ತೊಮ್ಮೆ ಬಂತು, ಒಂದು ತಿರುವಿನಲ್ಲಿ. ನಾನು ಮನೆಗೆ ಬಂದು ಕಾರಿಗೆ ಹೊದಿಕೆ ಹಾಕಿದೆ. ಮಂಗಳೆಗೆ ಫೋನ್ ಮಾಡಿ, "ಸ್ವಲ್ಪ ದಿನ ಬೇಡ ಕಣೇ. ನಂಗೆ ಕಾಲು ಸರಿಯಿಲ್ಲ, ಧೈರ್ಯ ಸಾಲ್ತಿಲ್ಲ," ಎಂದೆ. "ಆಯ್ತು ಕಣೇ, ಅದಕ್ಕೇನಂತೆ," ಎಂದಳು. ಅಷ್ಟೇ. ಆ ಮಾತಿನ ಹಿಂದೆ ಏನಾದರೂ ಇದೆಯೇ ಎಂದು ನಾನು ಕಿವಿಗೊಡಲಿಲ್ಲ. ನನ್ನ ತಪ್ಪಿನ ಆರೈಕೆಯಲ್ಲೇ ನಾನು ಮುಳುಗಿದ್ದೆ.

ಮಳೆಗಾಲ ಹೋಯಿತು, ದಸರೆ ಬಂದು ಹೋಯಿತು. ಮಂಗಳೆ ಆಗೀಗ ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದಳು. ಇಲವಾಲದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದರೆ ಅವಳು ಕರೆದುಕೊಂಡು ಹೋಗು ಅಂದಾಳು ಎಂಬ ಭಯ ನನಗೆ.

ಹೀಗಿರುವಾಗ ನಂಜನಗೂಡಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಬೇಕಾಗಿ ಬಂದು, ಯಜಮಾನರು ಹೊದಿಕೆ ತೆಗೆದು ತಾವೇ ಕಾರು ಓಡಿಸಿದರು. ನಾನು ಪಕ್ಕದಲ್ಲಿ. ಬರುವಾಗ, ಊರೊಳಗೆ ಕಾಲಿಡುತ್ತಿದ್ದ ಹಾಗೇ, ಅದೇ ಹಳದಿ ದೀಪ. ಅವರು ದೀಪವನ್ನು ನೋಡಿದರು, ಸ್ಟಿಯರಿಂಗಿಗೆ ಒಂದು ಗುದ್ದು ಕೊಟ್ಟರು. "ಥತ್, ಈ ಕಾರು ಕೆಟ್ಟಿದೆ ಕಣೇ," ಎಂದರು.

ಆ ಒಂದು ವಾಕ್ಯವನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅವರು ತಮ್ಮ ಕಾಲಿನ ಕಡೆ ಒಮ್ಮೆಯೂ ನೋಡಿಕೊಳ್ಳಲಿಲ್ಲ. ಕಾರಿನಲ್ಲಿ ದೀಪ ಬಂದರೆ ಕಾರು ಕೆಟ್ಟಿದೆ! ಇಷ್ಟು ಸರಳವಾಗಿ ಯೋಚಿಸಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕೋಪ ಬಂತು, ಸ್ವಲ್ಪ ಅಸೂಯೆಯೂ ಬಂತು.

"ಇಂಜಿನ್ ಆಫ್ ಮಾಡ್ಬೇಡಿ. ಹೀಗೇ ಗ್ಯಾರೇಜಿಗೆ ಬಿಡಿ," ಎಂದೆ. ಅವರಿಗೆ ಆಶ್ಚರ್ಯವಾಗಿರಬೇಕು, ಕಾರನ್ನು ನೇರ ಅತ್ತ ತಿರುಗಿಸಿದರು.

ದೀಪ ಉರಿಯುತ್ತಲೇ ಬಂದ ಕಾರನ್ನು ಕಂಡು ಮಾದೇಶನಿಗೆ ಉತ್ಸಾಹ ಬಂತು. ಲ್ಯಾಪ್‌ಟಾಪ್ ಸಿಕ್ಕಿಸಿ, "ಮೇಡಂ, ನೀವೇ ಡ್ರೈವರ್ ಸೀಟಿಗೆ ಬನ್ನಿ. ಬ್ರೇಕ್ ಒತ್ತಿ, ಬಿಡಿ," ಎಂದ. ಒತ್ತಿದೆ, ಬಿಟ್ಟೆ.

"ಬಿಡಿ ಮೇಡಂ."

"ಬಿಟ್ಟಿದೀನಪ್ಪ."

"ಪೂರ್ತಿ ಬಿಡಿ. ಇನ್ನೂ ಒತ್ತಿದೀರ ಅಂತ ತೋರಿಸ್ತೈತೆ ಇಲ್ಲಿ."

ನಾನು ಕಾಲನ್ನು ಹಿಂದಕ್ಕೆಳೆದುಕೊಂಡೆ. ಅವನು ಇಲ್ಲವೆಂದು ತಲೆಯಾಡಿಸಿದ. ನನಗೆ ಅಳು ಬರುವಂತಾಯಿತು, ಅದರ ಹಿಂದೆಯೇ ಎಲ್ಲಿಂದಲೋ ಒಂದು ಹಟ ಬಂತು. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು, ಸ್ಟಿಯರಿಂಗಿನ ಹಿಂದೆ ಊಟದ ಪಂಕ್ತಿಯಲ್ಲಿ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ಈಗ?" ಎಂದೆ.

ಮಾದೇಶ ನನ್ನನ್ನು ನೋಡಿದ, ತೆರೆಯನ್ನು ನೋಡಿದ. "ಈಗಲೂ ಒತ್ತಿದೀರಾ ಅಂತೈತೆ!" ಎಂದ. ಯಜಮಾನರು ಬಗ್ಗಿ, ನನ್ನ ಕಾಲಿಲ್ಲದ ಆ ಪೆಡಲನ್ನು ಬಹಳ ಹೊತ್ತು ನೋಡಿದರು.

ಆಮೇಲಿನ ಕೆಲಸ ಬೇಗ ಮುಗಿಯಿತು. ಬ್ರೇಕಿನ ಎಣ್ಣೆಯ ಒತ್ತಡವನ್ನು ಅಳೆದು, ಎಷ್ಟು ಜೋರಾಗಿ ತುಳಿದಿದ್ದಾರೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಪ್ರೆಶರ್ ಸೆನ್ಸರ್ ಎಂಬ ಪುಟ್ಟ ಸಾಮಾನೊಂದಿದೆಯಂತೆ. ಮಾದೇಶ ಮೊದಲು ಅದರ ವೈರನ್ನು ಎಳೆದಾಡಿ ನೋಡಿದ, ಸಾಕೆಟ್ ಬಿಚ್ಚಿ ಒರೆಸಿ ಹಾಕಿದ, ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ಪರೀಕ್ಷಿಸಿದ. ಎಲ್ಲ ಸರಿಯಿದ್ದರೂ ಸೆನ್ಸರ್ ಮಾತ್ರ ಒತ್ತದ ಬ್ರೇಕನ್ನು ಒತ್ತಿದ್ದಾರೆ ಎಂದೇ ಸಾಧಿಸುತ್ತಿತ್ತು. ಅದು ಹೇಳುವುದಕ್ಕೂ, ಕಾಲು ತೆಗೆದಿದ್ದಾರೆ ಎಂದು ಬ್ರೇಕ್ ಲೈಟಿನ ಸ್ವಿಚ್ ಹೇಳುವುದಕ್ಕೂ ತಾಳೆಯಾಗದೆ ಕಾರು ಹಳದಿ ದೀಪ ಹಚ್ಚಿ, ಏರಿನಲ್ಲಿ ಹಿಡಿದುಕೊಳ್ಳುವ ಕೆಲಸವನ್ನೇ ಕೈಬಿಡುತ್ತಿತ್ತು. ಒಮ್ಮೊಮ್ಮೆ ಸೆನ್ಸರ್ ಸರಿಯಾಗಿಯೇ ಕೆಲಸ ಮಾಡುತ್ತಿದ್ದುದರಿಂದ ಮೊದಲ ಸಲ ಗ್ಯಾರೇಜಿಗೆ ತಂದಾಗ ಸಿಕ್ಕಿಬಿದ್ದಿರಲಿಲ್ಲ. ಎರಡು ದಿನ ಬಿಟ್ಟು ಹೊಸದನ್ನು ತರಿಸಿ ಹಾಕಿದಾಗ ತೆರೆಯ ಮೇಲೆ ಸೊನ್ನೆ ಬಂತು. "ನಿಮ್ ಕಾಲಿಂದಲ್ಲ ಮೇಡಂ ತಪ್ಪು. ಅವತ್ತೇ ನಾನು ಇದ್ನ ನೋಡ್ಬೇಕಿತ್ತು," ಎಂದ ಮಾದೇಶ, ಈ ಸಲ ದನಿ ತಗ್ಗಿಸದೆ.

ನಾನು ಗ್ಯಾರೇಜಿನಿಂದಲೇ ಮಂಗಳೆಗೆ ಫೋನ್ ಮಾಡಿದೆ. "ರೆಡಿಯಾಗೇ! ನಾಳೆ ಗುರುವಾರ. ಚಿತ್ರಾನ್ನ ನಂದು, ಇಲವಾಲಕ್ಕೆ ಹೋಗೋಣ."

"ಎಲ್ಲಿಗೆ ಕಣೇ? ಹೋದ ತಿಂಗಳು ಮಾರ್ಬುಟ್ಟೆನಲ್ಲ," ಎಂದಳು.

ನಾನು ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತೆ. "ನಂಗೊಂದು ಮಾತು ಹೇಳ್ಬಾರ್ದಿತ್ತಾ ಮಂಗಳಾ?"

"ಹೇಳಿದ್ರೆ ನೀನು ಭಯದಲ್ಲೇ ಕಾರು ತೆಗೀತಿದ್ದೆ. ಅದಕ್ಕೇ ಸುಮ್ನಾದೆ. ಹೋಗೋಕಾಗ್ದೇ ಇರೋ ಜಾಗ ಇಟ್ಕೊಂಡು ಏನ್ ಮಾಡ್ಲಿ? ಬೇಲಿ ಬಿದ್ದಿತ್ತು, ಯಾರ್ಯಾರೋ ನುಗ್ತಿದ್ರು. ತಮ್ಮನೂ ದಿನಾ ಹೇಳ್ತಿದ್ದ, ಕೊಟ್ಬುಡಕ್ಕ, ಅಂತ." ಆಮೇಲೆ, "ಕಾಲು ಹೇಗಿದೆ ಈಗ?" ಎಂದು ಕೇಳಿದಳು.

ನನ್ನ ಕಾಲಿಗೆ ಏನೂ ಆಗಿರಲಿಲ್ಲ ಎಂದು ಅವಳಿಗೆ ಹೇಳುವುದಕ್ಕಿಂತ ಕಷ್ಟದ ಮಾತನ್ನು ನಾನು ಈಚೆಗೆ ಆಡಿಲ್ಲ. ನನ್ನದಲ್ಲದ ತಪ್ಪನ್ನು ಸುಮ್ಮನೆ ಹೊತ್ತರೆ ನಷ್ಟ ನನಗೊಬ್ಬಳಿಗೇ ಎಂದುಕೊಂಡಿದ್ದೆ. ಆ ನಷ್ಟದಲ್ಲಿ ಗೆಳತಿಯ ನೇರಳೆ ಮರವೂ ಸೇರಿಹೋಗುತ್ತದೆಂದು ಯಾರು ಎಣಿಸಿದ್ದರು? ಬೈದುಬಿಡುತ್ತಾಳೆ ಎಂದು ಕಾದೆ. ಅವಳು ಚಕ್ಕಳಮಕ್ಕಳದ ಕಥೆಯನ್ನು ಎರಡು ಸಲ ಹೇಳಿಸಿಕೊಂಡು ನಕ್ಕಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆದರೂ ಗುರುವಾರ ಹೊರಟೆವು. ಎಲ್ಲಿಗೆ ಎಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ, ಕಾರು ತಾನಾಗಿ ಹುಣಸೂರು ರಸ್ತೆಯನ್ನೇ ಹಿಡಿಯಿತು. ಇಲವಾಲದ ತಿರುವು ಹತ್ತಿರವಾಗುತ್ತಿದ್ದಂತೆ, "ಸ್ವಲ್ಪ ನಿಧಾನ ಮಾಡು," ಎಂದಳು ಮಂಗಳೆ. ಬ್ರೇಕಿನ ಮೇಲೆ ಕಾಲಿಟ್ಟೆ. ಕಾರು ಮೆತ್ತಗೆ ನಿಧಾನವಾಯಿತು. ಆ ಜಾಗಕ್ಕೆ ಹೋಗುವ ಒಳದಾರಿಯ ಬಾಯಲ್ಲಿ ಇಟ್ಟಿಗೆ ಹೊತ್ತ ಲಾರಿಯೊಂದು ನಿಂತಿತ್ತು. ಅವಳು ಕಿಟಕಿಯ ಕಡೆ ತಿರುಗಿದ್ದಳು, ಮುಖ ನನಗೆ ಕಾಣಲಿಲ್ಲ. ತಿರುವು ಹಿಂದಾಯಿತು.

"ಎಲ್ಲಿಗೆ ಹೋಗೋಣ ಹೇಳು," ಎಂದೆ.

"ಎಲ್ಲಿಗಾದ್ರೂ ನಡಿ," ಎಂದಳು ಮಂಗಳೆ, ಮಡಿಲಲ್ಲಿದ್ದ ಡಬ್ಬಿಯನ್ನು ಸರಿಯಾಗಿ ಹಿಡಿದುಕೊಳ್ಳುತ್ತಾ. "ನಿಂಗೆ ಕಾರು ಓಡ್ಸಕ್ಕೆ ಬರತ್ತಲ್ಲ."