ಬಂಡೆಗೆ ಜೋತುಬಿದ್ದ ಸಾಹೇಬರು

ಕೆಲವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಅವರಲ್ಲಿ ಮೊದಲನೆಯವರು ಉದ್ಯಮಬಾಗದ ನಮ್ಮ ಫೌಂಡ್ರಿಯ ಮ್ಯಾನೇಜರ್ ಸಾಹೇಬರು.

ಎಪ್ಪತ್ತರ ದಶಕದ ನಡುವಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಅಲ್ಲಿ ಸೇರಿದೆ. ವಾರವೆಲ್ಲ ಪಂಪಿನ ಎರಕ, ಮಸಿ, ಹೊಗೆ. ರವಿವಾರ ಮಾತ್ರ ನನ್ನದು. ಬೆಳಗಿನ ರೈಲಿಗೆ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಕಾಡಿನ ಕಡೆಯ ಬಸ್ಸು ಹಿಡಿದು, ಒಂದು ದೊಡ್ಡ ಕರಿಬಂಡೆ ಹತ್ತುತ್ತಿದ್ದೆ. ಸೊಂಟಕ್ಕೆ ಕಟ್ಟುವ ಪಟ್ಟಿಯನ್ನು ವಡಗಾವಿಯ ನಮ್ಮ ಓಣಿಯಲ್ಲೇ ಮಂಚದ ನವಾರು ಮಡಚಿ ಹೊಲಿಸಿಕೊಂಡಿದ್ದೆ. ಅದನ್ನು ನೋಡಿದಾಗಲೆಲ್ಲ ಅವ್ವ ನಗುತ್ತಿದ್ದಳು. ನನಗದು ನಗೆಯ ಮಾತಾಗಿರಲಿಲ್ಲ. ನನಗೆ ಹಿಮಾಲಯ ಹತ್ತಬೇಕಿತ್ತು. ಅದಕ್ಕೆ ಮೊದಲು ಉತ್ತರದ ಪರ್ವತಾರೋಹಣ ಶಾಲೆಯೊಂದರಲ್ಲಿ ತಿಂಗಳ ತರಬೇತಿ ಆಗಬೇಕಿತ್ತು, ಆ ಶಾಲೆಗೆ ವಯಸ್ಸಿನ ಮಿತಿಯಿತ್ತು.

ಎರಡು ವರ್ಷ ಬೆನ್ನುಬೆನ್ನಿಗೆ ಆ ಒಂದು ತಿಂಗಳ ರಜೆ ಕೇಳಿದೆ. ಎರಡೂ ಸಲ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ ಒಂದೇ ಮಾತು ಹೇಳಿದರು: "ಸ್ವಲ್ಪ ದಮ್ ಹಿಡೀರಿ." ಮೂರನೆಯ ವರ್ಷದ್ದು ನನ್ನ ವಯಸ್ಸಿಗೆ ಕೊನೆಯ ಅವಕಾಶ. ಸೀಟೂ ಸಿಕ್ಕಿತ್ತು. ಅರ್ಜೆಂಟ್ ಆರ್ಡರ್ ಇದೆಯೆಂದು ಆಗಲೂ ಬಿಡಲಿಲ್ಲ. ಆ ವಾರವೇ ಕಬ್ಬಿಣ ಕರಗಿಸುವ ಭಟ್ಟಿಯ ಒಳಗೋಡೆ ಕುಸಿದು ಎರಕವೇ ನಿಂತುಹೋಯಿತು. ಈಗಲಾದರೂ ಕಳಿಸಿ ಎಂದು ಹೋಗಿ ನಿಂತರೆ, ಇಟ್ಟಿಗೆ ಕಟ್ಟುವವರ ಮೇಲೆ ನಿಗಾ ಇಡಲು ಇಂಜಿನಿಯರ್ ಬೇಕೇ ಬೇಕು ಎಂದರು. ಕೆಲಸ ಬಿಸಾಕೋಣವೆಂದರೆ ಅವ್ವ, ಇಬ್ಬರು ತಂಗಿಯರು ನನ್ನ ಪಗಾರದ ಮೇಲಿದ್ದರು. ಇಡೀ ತಿಂಗಳು ತಣ್ಣಗಿನ ಭಟ್ಟಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಅತ್ತ ಸಾಹೇಬರು ಹೆಂಡತಿ ಮಕ್ಕಳೊಂದಿಗೆ ಮಹಾಬಳೇಶ್ವರಕ್ಕೆ ಹೋಗಿಬಂದರು. ಬಂದವರು ಅಲ್ಲಿಯ ಬೆಟ್ಟಗಳು ಎಷ್ಟು ಚೆಂದವೆಂದು ನನ್ನ ಮುಂದೆಯೇ ವರ್ಣಿಸಿದರು.

ಮರುವರ್ಷ ಕಾರ್ಖಾನೆಯ ಪಿಕ್ನಿಕ್ಕು ಖಾನಾಪುರದ ನನ್ನ ಬಂಡೆಯ ಬುಡದಲ್ಲೇ ಆಯಿತು. ನನ್ನ ಹುಚ್ಚಿನ ಸುದ್ದಿ ಕೇಳಿದ್ದ ಮಾಲಕರು ಹಗ್ಗದಿಂದ ಇಳಿದು ತೋರಿಸು ಎಂದರು. ತೋರಿಸಿದೆ. ಅವರು ನನ್ನ ಬೆನ್ನು ತಟ್ಟಿದ್ದು ಸಾಹೇಬರಿಗೆ ಸಹನವಾಗಲಿಲ್ಲ. ಇದರಲ್ಲೇನು ಮಹಾ, ತಾವೂ ಇಳಿಯುವುದಾಗಿ ಹೇಳಿ ಎದ್ದರು. ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ. ಹಿಂಬದಿಯ ಕಾಲುದಾರಿಯಿಂದ ತುದಿಗೆ ಕರೆದೊಯ್ದು, ನವಾರಿನ ಪಟ್ಟಿ ಬಿಗಿದು, ಗಂಟುಗಳನ್ನು ಚೆನ್ನಾಗಿ ನೋಡಿ, ಹಗ್ಗವನ್ನು ಮರಕ್ಕೆ ಸುತ್ತಿ ಅವರನ್ನು ಮೆಲ್ಲಗೆ ಕೆಳಗೆ ಬಿಟ್ಟೆ. ಅರ್ಧ ದಾರಿಗೆ ಹೋದಾಗ ಹಗ್ಗವನ್ನು ಮರಕ್ಕೇ ಕಟ್ಟಿಬಿಟ್ಟೆ.

ಏನಾಯಿತೆಂದು ಕೆಳಗಿನವರು ಕೂಗಿದರು. ಹಗ್ಗ ಕಲ್ಲಿನ ಸಂದಿಯಲ್ಲಿ ಸಿಕ್ಕಿದೆ ಎಂದೆ. ಶುದ್ಧ ಸುಳ್ಳು. ಅಂಚಿಗೆ ಬಂದು ಬಗ್ಗಿ ನೋಡಿದೆ. ಸಫಾರಿ ಸೂಟು ಕಂಕುಳಿಗೆ ಏರಿತ್ತು, ಒಂದು ಬೂಟು ಕೆಳಗೆ ಬಿದ್ದಿತ್ತು, ಸಾಹೇಬರು ಬಂಡೆಯನ್ನು ಹಲ್ಲಿಯ ಹಾಗೆ ಅವಚಿಕೊಂಡು ಮನೆದೇವರನ್ನು ಕರೆಯುತ್ತಿದ್ದರು.

"ಸ್ವಲ್ಪ ದಮ್ ಹಿಡೀರಿ ಸಾಹೇಬ್ರ," ಎಂದೆ.

ಕೆಲಸಗಾರರಿಗೂ ಅವಸರವಿರಲಿಲ್ಲ. ರೊಟ್ಟಿ, ಎಣ್ಣೆಗಾಯಿ ಹಾಕಿಸಿಕೊಂಡು ಮೇಲೆ ನೋಡುತ್ತಲೇ ಉಂಡರು. ಮಾಲಕರು ಕರವಸ್ತ್ರದಲ್ಲಿ ನಗು ಮುಚ್ಚಿಕೊಂಡರು. ಎಲ್ಲರೂ ಕೈ ತೊಳೆದ ಮೇಲೆ ಇಳಿಸಿದೆ. ಆ ಮಧ್ಯಾಹ್ನ ಕೊಟ್ಟಷ್ಟು ಸುಖವನ್ನು ಆಮೇಲೆ ಹತ್ತಿದ ಯಾವ ಗುಡ್ಡವೂ ನನಗೆ ಕೊಟ್ಟಿಲ್ಲ.

ಎಂಬತ್ತರ ದಶಕದಲ್ಲಿ ಸಾಹೇಬರು ನಿವೃತ್ತರಾದರು, ಅವರ ಕುರ್ಚಿ ನನಗೆ ಬಂತು. ಬೀಳ್ಕೊಡುವ ದಿನ ಅವರು ಎದ್ದು ನಿಂತು, ಅಂದು ಸಿಕ್ಕಿಕೊಂಡ ಹಗ್ಗ ಬಿಡಿಸಿ ತಮ್ಮ ಜೀವ ಉಳಿಸಿದವನು ಇವನೇ ಎಂದು ಹೇಳಿ, ತಮ್ಮ ಕೊರಳಿನ ಹಾರ ತೆಗೆದು ನನಗೆ ಹಾಕಿದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು. ಸೇಡು ತೀರಿತೆಂದು ಇಷ್ಟು ವರ್ಷ ನಾನು ಬೀಗಿದ್ದರೆ, ಈ ಮನುಷ್ಯ ಅದನ್ನು ಉಪಕಾರವೆಂದು ಜೋಪಾನ ಮಾಡಿಕೊಂಡಿದ್ದ. ಆ ಸೇಡನ್ನು ಮಾತ್ರ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅವರು ಅಪ್ಪಿಕೊಂಡಾಗ ಕಿವಿಯಲ್ಲಿ ಹೇಳಿದೆ: "ಹಗ್ಗ ಎಲ್ಲೂ ಸಿಕ್ಕಿರಲಿಲ್ರಿ. ನಾನ ಕಟ್ಟಿದ್ದೆ."

ಅವರ ತೋಳು ಸಡಿಲಾಯಿತು. ಯಾಕೆಂದು ಮೆಲ್ಲಗೆ ಕೇಳಿದರು.

"ಭಟ್ಟಿ ತಣ್ಣಗಿದ್ದ ಆ ತಿಂಗಳನೂ ನನಗ ರಜಾ ಕೊಡ್ಲಿಲ್ಲಲ್ರಿ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು, ಹುಬ್ಬು ಗಂಟಿಕ್ಕಿ ಯೋಚಿಸಿದರು. "ಯಾವ ತಿಂಗಳ?" ಎಂದರು.

ನಟನೆಯಲ್ಲ. ನನ್ನ ಹಿಮಾಲಯವನ್ನು ನುಂಗಿದ್ದು ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಅಷ್ಟರಲ್ಲಿ ಚಹಾ ಬಂತು. ಅವರ ಹಾರವನ್ನು ಕೊರಳಲ್ಲಿ ಹಾಕಿಕೊಂಡೇ, ಅವರ ಪಕ್ಕದಲ್ಲಿ ಕೂತು ಕುಡಿದೆ.