ರೇಡಿಯೊದಲ್ಲಿ ಅಕ್ಕನ ನಾಟಕ ಮತ್ತೊಮ್ಮೆ ಬಂದ ದಿನ

ನಾನಿನ್ನೂ ಚಿಕ್ಕವನಿದ್ದಾಗ, ಬೆಟಗೇರಿಯ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ರೇಡಿಯೊ. ಅದು ಓಣಿಯ ತುದಿಯ ಚಹಾದಂಗಡಿಯಲ್ಲಿತ್ತು. ಅಂಗಡಿಯವರನ್ನು ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದೆವು. ಗುಂಡಿ ತಿರುವಿದ ಕೂಡಲೇ ಮಾತಾಡುವ ರೇಡಿಯೊ ಅಲ್ಲ ಅದು. ಮೊದಲು ಒಳಗೊಂದು ಹಳದಿ ದೀಪ ಮೆಲ್ಲಗೆ ಹೊತ್ತಿಕೊಳ್ಳಬೇಕು, ಕಾದ ಧೂಳಿನ ವಾಸನೆ ಬರಬೇಕು, ಗೊರಗೊರ ಸದ್ದಾಗಬೇಕು. ಆಮೇಲೆ ಧಾರವಾಡದ ರೇಡಿಯೊ ಕೇಂದ್ರದಲ್ಲಿ ಕುಳಿತವರ ಮಾತು ನಮ್ಮ ಓಣಿಯಲ್ಲಿ ಕೇಳುತ್ತಿತ್ತು.

ನಮ್ಮದು ನೇಕಾರರ ಓಣಿ. ಬೆಳಗಾದರೆ ಮನೆಮನೆಯಿಂದ ಮಗ್ಗದ ಸದ್ದು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಸೀರೆ ನೇಯುತ್ತಿದ್ದ. ಅವ್ವ ಮತ್ತು ಅಕ್ಕ ಹೊಸ್ತಿಲ ಹತ್ತಿರ ರಾಟಿ ಇಟ್ಟುಕೊಂಡು ನೂಲು ಸುತ್ತುತ್ತಿದ್ದರು. ಅಕ್ಕನ ಕೈ ರಾಟಿಯ ಮೇಲಿದ್ದರೂ ಕಿವಿ ಮಾತ್ರ ಓಣಿಯ ಮೇಲಿರುತ್ತಿತ್ತು. ನೀರಿಗೆ ಹೋಗುವ ಹೆಂಗಸರು ಏನು ಮಾತಾಡಿದರು, ಹೇಗೆ ಮಾತಾಡಿದರು, ಯಾರು ಮಾತಿನ ನಡುವೆ ಮೂಗು ಏರಿಸಿದರು, ಎಲ್ಲವೂ ಅವಳಿಗೆ ಬಾಯಿಪಾಠ. ಸಂಜೆ ರೊಟ್ಟಿ ಬಡಿಯುತ್ತ ಅವಳು ಒಬ್ಬೊಬ್ಬರ ದನಿ ತೆಗೆದರೆ ಅಪ್ಪ ನಕ್ಕು ನಕ್ಕು ಕೆಮ್ಮುತ್ತಿದ್ದ.

ಕನ್ನಡ ನಾಡು ಒಂದಾಗಿ ಇನ್ನೂ ಹೊಸತು. ಮೊನ್ನೆ ಮೊನ್ನೆಯವರೆಗೆ ನಾವು ಮುಂಬೈ ಸರಕಾರದವರು. ಈಗ ಮೈಸೂರು, ಬೆಂಗಳೂರುಗಳೂ ನಮ್ಮವೇ ಎಂದು ಅಪ್ಪ ಖುಷಿಯಿಂದ ಹೇಳುತ್ತಿದ್ದ. ಆ ಹೊತ್ತಿನಲ್ಲಿ ಅಕ್ಕನಿಗೆ ಶಾಲೆಯಲ್ಲಿ ಕಲಿಸಿದ್ದ ಮಾಸ್ತರರು ರೇಡಿಯೊಗೆಂದು ಒಂದು ಪುಟ್ಟ ನಾಟಕ ಬರೆದರು. ಪುಸ್ತಕದ ಮಾತಿನಲ್ಲಲ್ಲ, ಅಕ್ಕನಿಂದ ಕೇಳಿ ತಿಳಿದ ನಮ್ಮ ಓಣಿಯ ಮಾತಿನಲ್ಲಿ. ಅದರಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆಯ ಪಾತ್ರಕ್ಕೆ ಅವರು ಅಕ್ಕನನ್ನೇ ಆರಿಸಿದರು. ಹದಿಹರೆಯದ ಹುಡುಗಿಯ ಗಂಟಲಿನಿಂದ ಹಲ್ಲುಬಿದ್ದ ಮುದುಕಿಯ ದನಿ ಹೊರಡುವುದನ್ನು ಕೇಳಿ ಧಾರವಾಡದವರೇ ಬೆರಗಾದರಂತೆ.

ಮೊದಲ ಸಲ ಆ ನಾಟಕ ಬಂದ ಸಂಜೆ ಚಹಾದಂಗಡಿ ಗಂಡಸರಿಂದ ತುಂಬಿತ್ತು. ಹೆಂಗಸರು ಚಹಾದಂಗಡಿಗೆ ಕಾಲಿಡುವ ಪದ್ಧತಿ ಆಗ ಇರಲಿಲ್ಲ. ಎದುರಿನ ಬೆಂಚಿನ ಮೇಲೆ ಲಕ್ಷ್ಮೇಶ್ವರದ ಬೀಗರು ಕುಳಿತಿದ್ದರು. ಅವರ ಮಗನಿಗೂ ಅಕ್ಕನಿಗೂ ಮದುವೆ ನಿಶ್ಚಯವಾಗಿತ್ತು. ಅವರದು ಕಾಳಿನ ವ್ಯಾಪಾರ. ಗದಗಿನ ಪೇಟೆಗೆ ಬಂದಿದ್ದವರನ್ನು ಅಪ್ಪನೇ ಅಭಿಮಾನದಿಂದ ಕರೆತಂದಿದ್ದ.

ನಾಟಕದಲ್ಲಿ ಅತ್ತೆ ಊಟಕ್ಕೆ ಕೂರುತ್ತಾಳೆ. ಸೊಸೆ ಸಾರು ಬಡಿಸುತ್ತಾಳೆ. ಅತ್ತೆ ಸೊರ್ರನೆ ಹೀರಿ, "ಉಪ್ಪ ಹೆಚ್ಚಾಗೇತಿ. ಇನ್ನೊಂದೀಟು ಹಾಕು" ಎನ್ನುತ್ತಾಳೆ. ಸೊಸೆ ಹಾಕುತ್ತಾಳೆ. ಮತ್ತೆ, "ಖಾರಾನೂ ಹೆಚ್ಚಾಗೇತಿ. ಇನ್ನೊಂದೀಟು ಹಾಕು." ಬಯ್ಯುತ್ತ ಬಯ್ಯುತ್ತ ಗಡಿಗೆಯೇ ಖಾಲಿಯಾಗುತ್ತದೆ. ನಾನು ಬಿದ್ದು ಬಿದ್ದು ನಕ್ಕೆ. ಸುತ್ತ ನೋಡಿದರೆ ಬೇರೆ ಯಾರೂ ನಗುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ರೇಡಿಯೊದ ಹಳದಿ ದೀಪ ಆರಿತು. ಕತ್ತಲಲ್ಲಿ ಓಣಿಯ ಹಿರಿಯರೊಬ್ಬರು ಹೇಳಿದರು: "ನಮ್ಮ ಮನಿ ಹೆಣ್ಣಮಕ್ಕಳ ಮಾತ ತಗೊಂಡ ಹೋಗಿ ನಾಡಿಗೆಲ್ಲಾ ಕೇಳಿಸಿದ್ಲಲ್ಲ! ಮೈಸೂರ ಕಡೆಯವ್ರು ನಮ್ಮನ್ನ ಏನ ತಿಳ್ಕೊಂಡಾರು?"

ಬೀಗರು ಚಹಾದ ಬಸಿ ಕೆಳಗಿಟ್ಟು ಎದ್ದು ಹೋದರು.

ಸ್ವಲ್ಪ ದಿನಗಳ ಮೇಲೆ ಮಾಸ್ತರರು ಸೈಕಲ್ಲಿನಲ್ಲಿ ಬಂದರು. ಬೇರೆ ಊರುಗಳಲ್ಲಿ ನಾಟಕ ಪೂರಾ ಕೇಳಿದವರು ಮೆಚ್ಚಿದ್ದಾರೆ, ಮತ್ತೊಮ್ಮೆ ಹಾಕಿರಿ ಎಂದು ಕೇಳಿದ್ದಾರೆ ಎಂದರು. ಆ ನಾಟಕವನ್ನು ಯಾವ ಯಂತ್ರದಲ್ಲೂ ಹಿಡಿದಿಟ್ಟಿರಲಿಲ್ಲ. ಮತ್ತೊಮ್ಮೆ ಹಾಕುವುದೆಂದರೆ ಅಕ್ಕ ಮತ್ತೆ ಧಾರವಾಡಕ್ಕೆ ಹೋಗಿ, ಮೊದಲಿನಿಂದ ಕೊನೆಯವರೆಗೆ ಮತ್ತೆ ಆಡುವುದು. ಸುದ್ದಿ ಲಕ್ಷ್ಮೇಶ್ವರಕ್ಕೂ ಮುಟ್ಟಿತು. ಅಲ್ಲಿಂದ ಬೀಗರು ಒಬ್ಬರ ಕೈಯಲ್ಲಿ ಹೇಳಿ ಕಳಿಸಿದರು: ಹುಡುಗಿ ಮತ್ತೆ ರೇಡಿಯೊಗೆ ಹೋದರೆ ಈ ಸಂಬಂಧ ಇಲ್ಲಿಗೇ ಬಿಟ್ಟಂತೆ.

ಆ ದಿನ ಅಪ್ಪ ಮಗ್ಗ ನಿಲ್ಲಿಸಿದ. ಕುಣಿಯಿಂದ ಮೇಲೆ ಬಂದು ಅಕ್ಕನ ಎದುರಿಗೆ ಕುಳಿತ.

"ನಿನಗೇನ ಅನಸ್ತೈತಿ, ಹೇಳವಾ."

ಅಕ್ಕ ರಾಟಿ ಬಿಡಲಿಲ್ಲ. "ಅರ್ಧಾ ಕೇಳಿ ಸಿಟ್ಟಾಗ್ಯಾರಪ್ಪ ಅವರು. ಪೂರಾ ಕೇಳಿ ಬ್ಯಾಡ ಅಂದ್ರ ನಾ ಏನೂ ಅನ್ನಂಗಿಲ್ಲ. ನಾ ಹೋಗತೀನಿ."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: "ಹೋಗಿ ಬರ್ಲಿ. ನಾನೂ ಇನ್ನೂ ಕೇಳೇ ಇಲ್ಲ."

ಹೀಗೆ ಆ ದಿನ ಬಂತು. ಬೆಳಗಿನ ರೈಲಿಗೆ ಅಪ್ಪ ಅಕ್ಕನನ್ನು ಕರೆದುಕೊಂಡು ಹೊರಟ. ಅಕ್ಕ ಅಪ್ಪನೇ ನೇಯ್ದ ಹಸಿರು ಸೀರೆ ಉಟ್ಟಿದ್ದಳು. ದಾರಿಗೆಂದು ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅವರು ಕಣ್ಮರೆಯಾದ ಕೂಡಲೇ ಸೆರಗು ಸಿಕ್ಕಿಸಿಕೊಂಡು ನೇರ ಚಹಾದಂಗಡಿಯ ಮುಂದೆ ಹೋಗಿ ನಿಂತಳು. ನಾನು ಹಿಂದೆಯೇ ಓಡಿದೆ.

"ಕಾಕಾ, ಇವತ್ತು ನಿಮ್ಮ ರೇಡಿಯೊ ಹೊರಗ ಬರಬೇಕ್ರಿ. ಗಂಡಸರು ಕೇಳಿ ಬಂದು ನಮಗ ಹೇಳಿದ್ದು ಸಾಕು. ನಮಗೂ ದೇವರು ಕಿವಿ ಕೊಟ್ಟಾನ."

ಕಾಕಾ ಗಲ್ಲ ತುರಿಸಿಕೊಂಡರು. "ಎಲ್ಲಿಗೆ ತರಲೆವ್ವಾ?"

"ಬಯಲಿಗೆ."

ನಮ್ಮ ಓಣಿಯ ನಡುವೆ, ನೂಲನ್ನು ಉದ್ದಕ್ಕೆ ಚಾಚಿ ಗಂಜಿ ಹಚ್ಚುವ ಬಯಲೊಂದಿತ್ತು. ಅಲ್ಲಿನ ಕಲ್ಲುಕಟ್ಟೆಯವರೆಗೆ ಅಂಗಡಿಯಿಂದ ತಂತಿ ಎಳೆಯುವುದೆಂದಾಯಿತು. ಮಧ್ಯಾಹ್ನವೆಲ್ಲ ಕಾಕಾ ಮಾಡಿನಿಂದ ಮಾಡಿಗೆ ತಂತಿ ಕಟ್ಟುತ್ತ ನಡೆದರು. ನಾನು ಸುರುಳಿ ಬಿಚ್ಚುತ್ತ ಓಣಿಯ ಬಾಯಿಗೆ ಬಂದಿದ್ದೆ. ಆಗ ಟಾಂಗಾದಿಂದ ಒಬ್ಬ ಹೆಂಗಸು ಇಳಿದರು. ಎತ್ತರದ ಆಳು, ಹಣೆ ತುಂಬ ಕುಂಕುಮ, ಕೈಯಲ್ಲೊಂದು ಬಟ್ಟೆಯ ಗಂಟು.

"ಯಪ್ಪಾ, ರೇಡಿಯೊದಾಗ ಮಾತಾಡತಾಳಲ್ಲ, ಆ ಹುಡುಗಿ ಮನಿ ಎಲ್ಲೈತಿ?"

ನನಗೆ ಎದೆಯುಬ್ಬಿತು. "ಆಕಿ ನಮ್ಮಕ್ಕ! ಬರ್ರಿ, ನಾ ಕರಕೊಂಡ ಹೋಗತೀನಿ."

ದಾರಿಯುದ್ದಕ್ಕೂ ನನ್ನ ಬಾಯಿಗೆ ಬಿಡುವಿರಲಿಲ್ಲ. ನಾಟಕದ ಮಾತನ್ನು ಅಕ್ಕನ ದನಿಯಲ್ಲೇ ಆಡಿ ತೋರಿಸಿದೆ. ಅವರು ನಗಲಿಲ್ಲ, ಗಮನವಿಟ್ಟು ಕೇಳಿದರು.

"ಮತ್ತ ಅಕ್ಕನ ಲಗ್ನ ಯಾವಾಗಪಾ?"

"ಗೊತ್ತಿಲ್ರಿ. ಲಕ್ಷ್ಮೇಶ್ವರದ ಬೀಗರು ಸಿಟ್ಟಾಗ್ಯಾರ."

"ಹೌದ? ಬೀಗತಿನೂ ಸಿಟ್ಟಾಗ್ಯಾಳೇನು?"

"ಆಕಿನ್ನ ಯಾರ ಕೇಳತಾರ್ರಿ?" ಎಂದೆ. ಮನೆಯಲ್ಲಿ ದೊಡ್ಡವರು ಆಡಿದ ಮಾತನ್ನೇ ನಾನು ಒಪ್ಪಿಸಿದ್ದೆ.

ಆ ಮಾತಿಗೆ ಅವರು ನಕ್ಕುಬಿಟ್ಟರು. ನಮ್ಮ ಹೊಸ್ತಿಲ ಮುಂದೆ ನಿಂತಾಗ ಅವ್ವ ಒಳಗಿನಿಂದ ಬಂದು, ಅವರ ಮುಖ ನೋಡಿ, ಕೈಯ ತಂಬಿಗೆಯನ್ನು ಅಲ್ಲೇ ಕುಕ್ಕಿದಳು. "ಅಯ್ಯ, ಬೀಗತೀ! ನೀವಽ ಬಂದ್ರಿ? ಒಬ್ರಽ ಬಂದ್ರಿ?"

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮಗ್ಗದ ಕುಣಿಗಿಳಿದು ಬಚ್ಚಿಟ್ಟುಕೊಂಡೆ. ಅಲ್ಲಿಂದಲೇ ಬೀಗತಿಯ ಮಾತು ಕೇಳುತ್ತಿತ್ತು. "ನಮ್ಮನಿಯವ್ರು ಬ್ಯಾಡ ಅಂದ್ರು. ನನ್ನ ಮಗಾ ಸುಮ್ನಾದ. ನಾ ಅಂದೆ, ಮನಿಗೆ ಬರೋ ಸೊಸಿ ಜೋಡಿ ದಿನಾ ಇರಾಕಿ ನಾನು, ಆಕಿ ಏನ ಅಂದಾಳ ಅಂತ ನಾ ಕೇಳಬ್ಯಾಡೇನು? ಇವತ್ತು ಕೇಳತೀನಿ. ಕೇಳಿ ನಂಗ ಸೇರದಿದ್ರ ಇಲ್ಲೇ, ನಿಮ್ಮ ಮುಂದ ಹೇಳಿ ಹೋಗತೀನಿ."

ಅವ್ವ ಅವರನ್ನು ಒಳಗೆ ಕರೆದು ಕೂರಿಸಿದಳು. ಬೆಲ್ಲ, ನೀರು ಕೊಟ್ಟಳು.

ಸಂಜೆ ಬಯಲು ತುಂಬಿತು. ಹೆಂಗಸರು ಮಕ್ಕಳನ್ನು ಸೊಂಟದಲ್ಲಿ ಹೊತ್ತು ಬಂದರು, ಹಾಸಲು ಗೋಣಿಚೀಲ ತಂದರು. ಎಷ್ಟೋ ಮುದುಕಿಯರು ರೇಡಿಯೊವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಗಂಡಸರು ಬರುವುದಿಲ್ಲವೆಂದು ಹೇಳಿಯೂ ಬಂದು ಗೋಡೆಗೆ ಒರಗಿ ನಿಂತರು. ಗಂಜಿಯ ಹುಳಿ ವಾಸನೆ, ಯಾರದೋ ಮನೆಯ ಒಗ್ಗರಣೆಯ ಘಮ, ಬಿಸಿಲು ಇಳಿದ ಕಲ್ಲಿನ ಬೆಚ್ಚಗಿನ ಕಾವು. ಬೀಗತಿ ಎಲ್ಲರಿಗಿಂತ ಮುಂದೆ, ಬೆನ್ನು ನೆಟ್ಟಗೆ ಮಾಡಿ ಕುಳಿತರು. ಅವ್ವ ಅವರ ಪಕ್ಕದಲ್ಲಿ. ನಾನು ಅವ್ವನ ಬೆನ್ನಿಗೆ.

ಗೊರಗೊರ ಸದ್ದು ನಿಂತು ಅಕ್ಕನ ದನಿ ಬಂತು. ಮುದುಕಿ ಸೊರ್ರನೆ ಸಾರು ಹೀರಿದಳು. "ಉಪ್ಪ ಹೆಚ್ಚಾಗೇತಿ. ಇನ್ನೊಂದೀಟು ಹಾಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ, "ಅಯ್ಯ ಇಕಿನ, ನನ್ನ ಮಾತಽ ತಗೊಂಡಾಳ!" ಎಂದಳು. ಅವಳ ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಮುದುಕಿಯೂ ನಕ್ಕಳು. ಅಷ್ಟೇ ಸಾಕಾಯಿತು, ಬಯಲಿಗೆ ಬಯಲೇ ನಕ್ಕಿತು. ಒಬ್ಬರು ಇನ್ನೊಬ್ಬರ ತೊಡೆಗೆ ಬಡಿದು, "ನಿಂದಽ ನೋಡ ಇದು," "ನಂದಲ್ಲ, ನಿಮ್ಮತ್ತೀದು" ಎನ್ನತೊಡಗಿದರು. ಬೀಗತಿ ಮಾತ್ರ ನಗಲಿಲ್ಲ. ಅವರ ಕಣ್ಣು ರೇಡಿಯೊದ ಮೇಲೇ ಇತ್ತು.

ನಡುವೆ ಹಳದಿ ದೀಪ ಮಂಕಾಯಿತು. ಕಾಕಾ ಅಂಗಡಿಯತ್ತ ಓಡಿದರು. ಅವರು ಮುಟ್ಟುವಷ್ಟರಲ್ಲಿ ಬೆಳಕು ತಾನಾಗಿಯೇ ಮರಳಿತು. ಹೋದ ಸಲ ನಮ್ಮ ಓಣಿ ಕೇಳದೆ ಉಳಿದಿದ್ದ ಅರ್ಧ ಈಗ ಶುರುವಾಯಿತು.

ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಅತ್ತೆ ತಾನೇ ಸಾರು ಮಾಡಿಕೊಂಡು ಒಬ್ಬಳೇ ಊಟಕ್ಕೆ ಕೂರುತ್ತಾಳೆ. ಸೊರ್ರನೆ ಹೀರುವ ಸದ್ದು. ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. "ಉಪ್ಪ ಸರೀ ಐತಿ. ಖಾರಾನೂ ಸರೀ ಐತಿ." ಮತ್ತೆ ಸುಮ್ಮನೆ. ಆಮೇಲೆ ಅಕ್ಕನ ದನಿ ತೀರ ಸಣ್ಣದಾಯಿತು: "ಯಾರಿಗೆ ಬೈದು ಉಣ್ಣಲಿ? ಜಲ್ದಿ ಬಾರ ನನ್ನವ್ವಾ. ಗಂಟಲಾಗ ತುತ್ತ ಇಳೀವಲ್ತು."

ನಾಟಕ ಮುಗಿಯಿತು. ಬಯಲಿನಲ್ಲಿ ಯಾರೂ ಏಳಲಿಲ್ಲ. ಗೋಡೆಗೆ ಒರಗಿದ್ದ ಗಂಡಸರು ನೆಲ ನೋಡುತ್ತಿದ್ದರು. ಹೋದ ಸಲ ಕತ್ತಲಲ್ಲಿ ಮಾತಾಡಿದ್ದ ಹಿರಿಯರು ಮೂಗು ಸೀಟಿಕೊಂಡು ಮೆಲ್ಲಗೆ ಮನೆಯತ್ತ ನಡೆದರು. ಬೀಗತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವ್ವನ ಕಡೆ ತಿರುಗಿದರು.

"ನಮ್ಮತ್ತಿ ಬದುಕಿದ್ದಾಗ ದಿನಾ ಬೈತಿದ್ರು. ಅವರು ಹೋದ ಮ್ಯಾಲೆ ನಾ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. ಇದನ್ನ ನಾ ಯಾರ ಮುಂದೂ ಹೇಳಿಲ್ಲ. ನಿಮ್ಮ ಮಗಳಿಗೆ ಹೆಂಗ ಗೊತ್ತಾತು?"

ಆ ರಾತ್ರಿ ಅವರು ನಮ್ಮಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಎದ್ದು, ಅವ್ವ ಬೇಡವೆಂದರೂ ಕೇಳದೆ ಒಲೆಯ ಮುಂದೆ ಕುಳಿತು ಸಾರಿಗಿಟ್ಟರು. ಅಪ್ಪ, ಅಕ್ಕ ರೈಲಿನ ಮಸಿ ಮೆತ್ತಿದ ಮುಖದಲ್ಲಿ ಬಂದು ಬಾಗಿಲಲ್ಲಿ ನಿಂತರು. ಒಳಗೆ ಯಾರಿದ್ದಾರೆಂದು ನೋಡಿ ಅಕ್ಕ ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬೀಗತಿ ಸೌಟು ಹಿಡಿದುಕೊಂಡೇ ಎದ್ದು ಬಂದರು.

"ಬರ್ರಿ ಅತ್ತೀ," ಎಂದರು ಅಕ್ಕನಿಗೆ. "ಕೈಕಾಲ ತೊಳಕೊಂಡ ಬಂದು ಕುಂಡ್ರಿ. ಉಪ್ಪ ಹೆಚ್ಚಾಗೇತೇನು ನೋಡಿ ಹೇಳ್ರಿ."

ಅಕ್ಕ ಅವರ ಕಾಲಿಗೆ ಬಗ್ಗಿದಳು. ಏಳುವಾಗ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅಪ್ಪನ ಕಡೆ ತಿರುಗಿ ಬೀಗತಿ ಹೇಳಿದರು: "ಲಗ್ನದ ತಯಾರಿ ಮಾಡ್ರಿ. ಅರ್ಧಾ ಕೇಳಿ ಎದ್ದ ಬಂದವರಿಗೆ ಪೂರಾ ಕಥಿ ನಾ ಹೇಳತೀನಿ."

ಆ ನಾಟಕ ಆಮೇಲೆ ಎಷ್ಟು ಸಲ ಬಂತೋ ನಾನು ಲೆಕ್ಕವಿಡಲಿಲ್ಲ. ಮದುವೆಯಾದ ಮೇಲೆ ಅಕ್ಕನನ್ನು ಲಕ್ಷ್ಮೇಶ್ವರದಿಂದ ಧಾರವಾಡಕ್ಕೆ ಅವಳ ಅತ್ತೆಯೇ ಕರೆದುಕೊಂಡು ಹೋಗುತ್ತಿದ್ದರು. ಸಲದಿಂದ ಸಲಕ್ಕೆ ಬಯಲಿನಲ್ಲಿ ಜನ ಹೆಚ್ಚಾದರು. ಕಥೆ ಗೊತ್ತಿಲ್ಲದವರಿಗಿಂತ ಗೊತ್ತಿದ್ದವರೇ ಮೊದಲು ಬಂದು ಜಾಗ ಹಿಡಿಯುತ್ತಿದ್ದರು. ಅಕ್ಕನಿಗಿಂತ ಮೊದಲೇ ಅವಳ ಮಾತನ್ನು ಆಡಿ, ತಾವು ಆಡಿದ್ದು ಸರಿಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಒಮ್ಮೆ ಮುಂಡರಗಿಯ ಬಸ್ಸಿನಲ್ಲಿ ಅಪರಿಚಿತ ಹೆಂಗಸರಿಬ್ಬರು ಬುತ್ತಿ ಬಿಚ್ಚಿ ಅದೇ ಮಾತು ಆಡಿ ನಗುವುದನ್ನು ಕೇಳಿದೆ. ನಮ್ಮ ಮಾತು ಕೇಳಿ ಯಾರೋ ನಕ್ಕಾರೆಂಬ ಅಂಜಿಕೆ ನಮ್ಮ ಓಣಿಯಲ್ಲಿ ಅಷ್ಟೊತ್ತಿಗೆ ಯಾರಿಗೂ ಉಳಿದಿರಲಿಲ್ಲ.

ಮೊಮ್ಮಕ್ಕಳೇ, ಈಗ ನಮ್ಮ ಮನೆಯ ಗೋಡೆಯ ಮೇಲೆ ಕಿಟಕಿಯಷ್ಟು ದೊಡ್ಡ ಟಿವಿ ಇದೆ. ನಿಮ್ಮ ಅಪ್ಪ ಅಮ್ಮ ಹುಡುಗರಾಗಿದ್ದಾಗ ಬಂದ ಹಳೆಯ ಧಾರಾವಾಹಿಗಳನ್ನು ನೀವು ಊಟಕ್ಕೆ ಕುಳಿತಾಗಲೆಲ್ಲ ಹಾಕುತ್ತೀರಿ. "ನೋಡಿದ್ದನ್ನೇ ಎಷ್ಟು ಸಲ ನೋಡತೀರಿ" ಎಂದು ನಿಮ್ಮ ಅಮ್ಮ ಗದರುತ್ತಾಳೆ. ನಾನು ಗದರುವುದಿಲ್ಲ. ಒಳ್ಳೆಯದು ಒಂದೇ ಸಲಕ್ಕೆ ಮುಗಿದು ಹೋಗುವುದಿಲ್ಲ ಎಂಬುದನ್ನು ನಾನು ನಿಮ್ಮಷ್ಟೇ ವಯಸ್ಸಿನಲ್ಲಿ ಕಂಡವನು. ನಿಮಗೆ ಬೇಕೆಂದಾಗ ಬೆರಳು ಒತ್ತಿದರೆ ಸಾಕು; ನಮಗೆ ಅಕ್ಕ ರೈಲು ಹತ್ತಬೇಕಿತ್ತು. ನೀವು ನೋಡುವುದೆಲ್ಲ ಎಲ್ಲೋ ಭದ್ರವಾಗಿ ಉಳಿದಿರುತ್ತದೆ. ಅಕ್ಕನ ಆ ಮುದುಕಿಯ ದನಿ ಎಷ್ಟು ಹುಡುಕಿದರೂ ನಿಮ್ಮ ಫೋನಿನಲ್ಲಿ ಸಿಗುವುದಿಲ್ಲ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವವನಲ್ಲ. ಅಕ್ಕನ ದನಿಯನ್ನು ಯಾರಾದರೂ ಆಗಲೇ ಯಂತ್ರದಲ್ಲಿ ಹಿಡಿದಿಟ್ಟಿದ್ದರೆ ನನಗಿಂತ ಹೆಚ್ಚು ಸಂತೋಷಪಡುವವರು ಯಾರಿದ್ದರು?

ಮೊನ್ನೆ ನೀವು ನಗೆಯ ಮಾತು ಬರುವ ಮೊದಲೇ ನಗುತ್ತ ಕುಳಿತಿದ್ದಿರಿ. ನಾನು ಪೇಪರು ಮಡಚಿಟ್ಟು ಎದ್ದು ಬಂದೆ. ಕಥೆ ಅರ್ಧ ದಾಟಿತ್ತು. ನನಗೆ ಹಿಂದುಮುಂದು ತಿಳಿಯಲಿಲ್ಲ. ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಸರಿದು ಜಾಗ ಮಾಡಿಕೊಟ್ಟಳು. "ಅಜ್ಜಾ, ಇಲ್ಲಿ ಕುಂಡ್ರು. ಮೊದಲಿಂದ ಹಾಕತೀನಿ," ಎಂದಳು.

ನಾನು ಕುಳಿತೆ.