ಮದುವೆ ಕಾಲದ ಫ್ಯಾನು

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ತಿರುಗುತ್ತಿದ್ದ ಫ್ಯಾನು ನನ್ನ ಅತ್ತೆಯ ಮದುವೆಯಲ್ಲಿ ಖಜೂರಿಯ ತವರಿನವರು ಕೊಟ್ಟದ್ದು. ನಾನು ತಂದ ಮಿಕ್ಸರ್ ಎರಡನೇ ವರ್ಷಕ್ಕೇ ಸುಟ್ಟ ವಾಸನೆ ಬಿಟ್ಟು ನಿಂತಾಗ ಅತ್ತೆ ಮೇಲಕ್ಕೆ ಬೆರಳು ತೋರಿಸಿದ್ದರು. "ನೋಡಬೇ, ನಿನ್ನ ಗಂಡ ಹುಟ್ಟೋಕಿಂತ ಮೊದಲ ಹಿಡದು ತಿರಗಾಕತ್ತದ. ಒಂದಿನಾನೂ ರಿಪೇರಿ ಕೇಳಿಲ್ಲ."

ನನಗೂ ಅದರ ಬಗ್ಗೆ ಹೆಮ್ಮೆಯೇ ಇತ್ತು. ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅತ್ತೆ ಎಂದಿನಂತೆ ಅದರ ಕೆಳಗಿನ ಮಂಚದ ಮೇಲೆ ಅಡ್ಡಾಗಿದ್ದರು. ಅಂಗಳದಲ್ಲಿ ಹಪ್ಪಳ ಒಣಹಾಕಿದ್ದೆ. ಯಾರದೋ ಆಡು ಒಳಗೆ ನುಗ್ಗಿದ್ದು ಅವರಿಗೆ ಕಿಟಕಿಯಿಂದ ಕಂಡಿತು. "ಹಪ್ಪಳ ತಿನ್ನಾಕತ್ತದ ಬೇ! ಎಲ್ಲಿದ್ದಿ?" ಎಂದು ಬೈಯುತ್ತ ಎದ್ದು ಹೊರಗೆ ಹೋದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಗೋಡೆ ಕುಸಿದಂಥ ಸದ್ದು.

ಫ್ಯಾನು ಮಂಚದ ಮೇಲೆ ಬಿದ್ದಿತ್ತು. ದಿಂಬು ಹರಿದು ಹತ್ತಿ ಚೆಲ್ಲಾಪಿಲ್ಲಿಯಾಗಿತ್ತು. "ಅತ್ತೀ" ಎಂದು ಕೂಗುತ್ತ ಹರಿದ ದಿಂಬನ್ನು ಎಳೆದುಹಾಕಿದೆ. ಅವರು ಅಲ್ಲಿಲ್ಲ ಎಂಬುದು ನನಗೆ ಹೊಳೆದದ್ದು, ಕೋಲು ಹಿಡಿದು ಬಾಗಿಲಲ್ಲಿ ನಿಂತ ಅವರನ್ನು ಕಂಡ ಮೇಲೆಯೇ.

ನನ್ನ ಗಂಡ ಸಂಜೆ ಕರೆಂಟಿನ ಕೆಲಸದವನನ್ನು ಕರೆತಂದರು. ಛತ್ತಿನಲ್ಲಿ ಫ್ಯಾನು ತೂಗುಹಾಕಿದ್ದ ಕಬ್ಬಿಣದ ಕೊಂಡಿ ತುಕ್ಕು ತಿಂದು ತುಂಡಾಗಿತ್ತು. ಮನೆಗೆ ಸುಣ್ಣ ಬಳಿಸುವಾಗಲೆಲ್ಲ ಅದನ್ನು ಮುಚ್ಚಿದ್ದ ಫ್ಯಾನಿನ ಬಟ್ಟಲಿಗೆ ಬಣ್ಣ ಹಚ್ಚಿಸಿದ್ದೆವೇ ಹೊರತು ಒಮ್ಮೆಯೂ ಸರಿಸಿ ನೋಡಿರಲಿಲ್ಲ. ಕೆಲಸದವನು ನೆಲದ ಮೇಲಿಟ್ಟೇ ವೈರು ಜೋಡಿಸಿದ. ಸೊಟ್ಟ ರೆಕ್ಕೆಗಳ ಫ್ಯಾನು ಗುಂಯ್ ಎಂದು ಅಲುಗಿತು.

"ಜೀವಂತ ಅದ ನೋಡಪಾ!" ಎಂದರು ಅತ್ತೆ. "ರೆಕ್ಕಿ ಹೊಸಾವ್ ಹಾಕಿ ಮತ್ತ ಅಲ್ಲೇ ಏರಿಸು."

ನನಗೇನಾಯಿತೋ, "ನೀವು ತಲಿ ಇಡೋ ಜಾಗಾ ನೋಡ್ರಿ ಮೊದಲ!" ಎಂದು ಕಿರುಚಿಬಿಟ್ಟೆ. ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಅತ್ತೆ ಮಂಚದ ಹತ್ತಿರ ಹೋಗಿ ಹಲಗೆಯ ಸೀಳಿಗೆ ಬೆರಳಿಟ್ಟರು. ಅರ್ಧ ಬೆರಳು ಒಳಗಿಳಿಯಿತು. ಅಲ್ಲೇ ನೆಲಕ್ಕೆ ಕುಳಿತರು. ನಾನು ನೀರು ತಂದು ಕೊಟ್ಟೆ.

ಎರಡು ಗುಟುಕು ಕುಡಿದು, "ಮಕ್ಕಳ ಖೋಲ್ಯಾಗಿಂದು?" ಎಂದರು.

"ಅದು ಹೋದ ವರ್ಷ ತಂದದ್ರಿ, ಹೊಸಾದು."

"ಫ್ಯಾನ್ ಹೊಸಾದು. ಕೊಂಡಿ?"

ಎಲ್ಲರೂ ಮಕ್ಕಳ ಕೋಣೆಗೆ ಹೋದೆವು. ಕೆಲಸದವನು ಏಣಿ ಹತ್ತಿ ಬಟ್ಟಲು ಇಳಿಸಿ, ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಕೊಂಡಿಯನ್ನು ಒತ್ತಿದ. ಕೆಂಪು ಪುಡಿ ರವೆಯಂತೆ ಮಕ್ಕಳ ಚಾದರದ ಮೇಲೆ ಉದುರಿತು. "ಸಾಹೇಬ್ರ, ಕೆಳಗ ಹಿಡೀರಿ. ಈಗಲೇ ಇಳಸಾಮು," ಎಂದ. ಅವನ ದನಿಯೂ ಬದಲಾಗಿತ್ತು. ನನ್ನ ಗಂಡ ಎರಡೂ ಕೈಯಿಂದ ಫ್ಯಾನು ಹಿಡಿದರು. ನಾನು ಅಂಗಳಕ್ಕೆ ಓಡಿದೆ. ಓಣಿಯಲ್ಲಿ ಮಕ್ಕಳು ಆಡುತ್ತಿದ್ದ ಗದ್ದಲ ಕೇಳುತ್ತಿತ್ತು. ಇಬ್ಬರನ್ನೂ ಎಳೆದು ತಂದು ಮಗ್ಗುಲಲ್ಲಿ ಕೂರಿಸಿಕೊಂಡೆ.

ಮೇಸ್ತ್ರಿ ಬಂದು ಛತ್ತಿಗೆ ಹೊಸ ಕೊಂಡಿ ಕೂರಿಸಿಕೊಟ್ಟ, ಜೋತುಬಿದ್ದೂ ತೋರಿಸಿದ. ಆದರೂ ಮಕ್ಕಳ ಹಾಸಿಗೆಯನ್ನು ಗೋಡೆಯ ಮೂಲೆಗೆ ಸರಿಸಿಬಿಟ್ಟಿದ್ದೇನೆ. ಗಾಳಿ ಬರೋದಿಲ್ಲ ಎಂದು ಇಬ್ಬರೂ ದಿನಾ ಗೊಣಗುತ್ತಾರೆ. ಗೊಣಗಲಿ.